ಬರ್ರಿ ಅಂದಿದ್ದು ನಾನಲ್ಲ

ಮಾತು ಶುರು ಮಾಡಲು ನನಗೆ ಯಾವತ್ತೂ ಕಷ್ಟವಾಗಿಲ್ಲ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರಿ ಬದುಕುವವನಿಗೆ ಅದು ಕಷ್ಟವಾದರೆ ಒಲೆ ಉರಿಯುವುದಿಲ್ಲ. ನನ್ನ ತೊಂದರೆ ಇರುವುದು ಮಾತು ಮುಗಿಸುವುದರಲ್ಲಿ. ಅದೂ ಬಾಯಿಮಾತಲ್ಲ, ಮೊಬೈಲಿನ ಮಾತು. ಎದುರಿಗೆ ಕುಳಿತ ಮನುಷ್ಯನಾದರೆ ಚಹಾದ ಕಪ್ಪು ಕೆಳಗಿಟ್ಟು, ತೊಡೆಗೆ ಎರಡು ಸಲ ಬಡಿದುಕೊಂಡು, "ಮತ್ತ?" ಅಂದರೆ ಸಾಕು, ಆತನೇ ಎದ್ದು ಚಪ್ಪಲಿ ಹುಡುಕುತ್ತಾನೆ. ಮೊಬೈಲಿನಲ್ಲಿ ಯಾರ ತೊಡೆ ಬಡಿಯುವುದು?

ಹಾಗಾಗಿ ಉಳಿದವರು ಹೇಗೆ ಮುಗಿಸುತ್ತಾರೆಂದು ನೋಡುವುದು ನನಗೊಂದು ಚಟವಾಯಿತು. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ದೊಡ್ಡ ಪುಸ್ತಕ ಓದಿದವನಲ್ಲ, ಆದರೆ ಗಿರಾಕಿಗಳ ಮೆಸೇಜು ಓದಿದ್ದೇನೆ, ಅದರಲ್ಲಿ ನಾಲ್ಕು ಪುಸ್ತಕಕ್ಕಾಗುವಷ್ಟು ಜ್ಞಾನವಿದೆ. ವಾಡಿಯ ಗುತ್ತಿಗೆದಾರರು ಎಲ್ಲ ಮಾತನ್ನೂ ಒಂದು ಹೆಬ್ಬೆರಳಿನ ಚಿತ್ರ ಹಾಕಿ ಮುಗಿಸುತ್ತಾರೆ. ನಮ್ಮ ಅಪ್ಪನ ಕಾಲದಲ್ಲಿ ಹೆಬ್ಬೆಟ್ಟು ಒತ್ತುವವನು ನಾಲ್ಕು ಜನರ ನಡುವೆ ತಲೆ ತಗ್ಗಿಸುತ್ತಿದ್ದ. ಈಗ ಇಂಜಿನಿಯರಿಂಗ್ ಓದಿದವರು ದಿನವಿಡೀ ಹೆಬ್ಬೆಟ್ಟು ಒತ್ತಿ ತಲೆ ಎತ್ತಿಕೊಂಡು ತಿರುಗುತ್ತಾರೆ. ಚಿತ್ತಾಪುರದ ಒಬ್ಬ ನಿವೃತ್ತ ಗುರುಗಳು ಬಚ್ಚಲಿಗೆ ಹಾಸಲು ಎರಡು ಕಲ್ಲು ಕೇಳಿದರೂ ಕೊನೆಗೆ "ಇಂತಿ ತಮ್ಮ ವಿಶ್ವಾಸಿ" ಅಂತ ಬರೆದು, ಕೆಳಗೆ ಪೂರ್ಣ ಹೆಸರು, ಅದರ ಕೆಳಗೆ ಸ್ಥಳ ಹಾಕುತ್ತಾರೆ. ಅವರ ಫೋಟೊ ಮೇಲೆಯೇ ಇರುತ್ತದೆ. ಆದರೂ ಸಹಿ ಇಲ್ಲದೆ ಹೋದರೆ ಆ ಬಚ್ಚಲು ಬೇರೆಯವರ ಪಾಲಾದೀತೆಂದು ಅವರಿಗೆ ಅನುಮಾನ. ಪಾಲಿಶ್ ಕೆಲಸದ ಮೆಹಬೂಬ್ ಮಿಸ್ತ್ರಿ "ಖುದಾ ಹಾಫಿಜ್" ಅಂದಮೇಲೆಯೇ ನಿಜವಾದ ಮಾತು ಶುರು ಮಾಡುತ್ತಾನೆ. ಹೊಸ್ತಿಲು ದಾಟಿ ಒಂದು ಕಾಲು ಚಪ್ಪಲಿಗೆ ಹಾಕಿ ನಿಂತವರಿಗೆ ನೆನಪಾಗುವಂಥ ಮಾತುಗಳೆಲ್ಲ ಅವನಿಗೆ ಆಗ ನೆನಪಾಗುತ್ತವೆ.

ಸೇಡಂ ಆಚೆಯ ತೆಲುಗು ಗಿರಾಕಿಗಳು "ಉಂಟಾ" ಅಂತ ಮುಗಿಸುತ್ತಾರೆ. ಅಂದರೆ "ಇರುತ್ತೇನೆ" ಅಂತ. ಮೊದಲ ಸಲ ಓದಿದಾಗ, ಇರುವವನು ಯಾಕೆ ಹೋಗುತ್ತಾನೆ ಅನ್ನಿಸಿತ್ತು. ಆಮೇಲೆ ನೋಡಿದರೆ ನಾವೇನು ಕಡಿಮೆಯಿಲ್ಲ. ಎದ್ದು ಹೋಗುವಾಗ "ಬರ್ತೀನಿ" ಅನ್ನುತ್ತೇವೆ. ಹೋಗುವವನು ಬರುತ್ತೇನೆ ಅನ್ನುತ್ತಾನೆ, ಇಲ್ಲವೇ ಇರುತ್ತೇನೆ ಅನ್ನುತ್ತಾನೆ. ಹೋಗುತ್ತೇನೆ ಅಂತ ಬಾಯಿಬಿಟ್ಟು ಹೇಳುವ ಧೈರ್ಯ ಈ ಭಾಗದಲ್ಲಿ ರೈಲಿಗೆ ಮಾತ್ರ.

ಇಷ್ಟೆಲ್ಲ ಶಾಸ್ತ್ರ ತಿಳಿದ ನಾನು ಸೋತಿದ್ದು ನಮ್ಮ ನೀಲಕ್ಕನ ಮುಂದೆ.

ನೀಲಕ್ಕ ನನ್ನ ಒಬ್ಬಳೇ ಅಕ್ಕ. ಚಿಂಚೋಳಿ ಕಡೆಯ ಕೊಡ್ಲಿಗೆ ಕೊಟ್ಟಿದ್ದೇವೆ. ಅಕ್ಕನಿಗೆ ಓದಲು ಬರುತ್ತದೆ, ಆದರೆ ಬರೆಯುವುದು ಬೇಸರ. ಮಾತಾಡಿ ಕಳಿಸುತ್ತಾಳೆ. ಬೆಳಿಗ್ಗೆ ಎಮ್ಮೆ ಹಿಂಡುವುದರಿಂದ ಶುರುವಾಗಿ, ತೊಗರಿಗೆ ಬಿದ್ದ ಹುಳ, ಸೊಸೆ ಮಾಡಿದ ಸಾರು, ಸಾರಿನಲ್ಲಿ ಕಡಿಮೆಯಾದ ಉಪ್ಪು, ಉಪ್ಪಿನ ಮೇಲೆ ಗಂಡನ ಟೀಕೆ, ಹೀಗೆ ಹೋಗುತ್ತಲೇ ಇರುತ್ತದೆ. ಕೊನೆಗೆ "ಮತ್ತ ನಿಂದೇನು ಹೇಳೊ" ಅನ್ನುತ್ತಾಳೆ. ಇದು ಮುಕ್ತಾಯವಲ್ಲ, ಚೆಂಡನ್ನು ನನ್ನ ಅಂಗಳಕ್ಕೆ ಎಸೆಯುವ ಆಟ. ನಾನು ಏನಾದರೂ ಹೇಳಿದೆನೋ, ಅದಕ್ಕೆ ಉತ್ತರವಾಗಿ ಇನ್ನಷ್ಟು ಬರುತ್ತದೆ.

ಆ ದಿನಗಳಲ್ಲೇ ನನ್ನ ಹೆಂಡತಿ ಜಗದೇವಿ ಅಂಗಡಿಯ ಫೋನಿಗೆ ಒಂದು ವ್ಯವಸ್ಥೆ ಮಾಡಿದಳು. ಆಕೆ ಪಿಯುಸಿ ಓದಿದವಳು, ನನಗಿಂತ ಜಾಣೆ. ಯಾರು ಏನು ಕಳಿಸಿದರೂ ಫೋನು ತಾನೇ ಉತ್ತರ ಕೊಡುತ್ತದೆ. ಏನು ಉತ್ತರ ಕೊಡಬೇಕೆಂದು ಹೇಳಿದ್ದು ಮಾತ್ರ ನಾನು: "ಶರಣು ಶರಣಾರ್ಥಿ. ನಿಮ್ಮ ಮಾತು ಮುಟ್ಟಿತು. ಭಾಳ ಸಂತೋಷ. ನಮ್ಮ ಕಡೆ ಬರ್ರಿ, ಚಹಾ ಕುಡಿದು ಹೋಗ್ರಿ." ಓದಿದವರು ಮೆಚ್ಚಿಕೊಳ್ಳುವಂತಿತ್ತು. ಹೊಗಳಿಕೆ ಕೇಳಲು ನಾನು ನಿಂತಿದ್ದಾಗ ಜಗದೇವಿ ಕೇಳಿದಳು:

"ಇದು ಎಲ್ಲಾರಿಗೂ ಹೋಗ್ತದರಿ. ನೀಲಕ್ಕಗೂ ಹೋಗ್ತದ. ಆಕಿನ ಹೆಸರು ತಗದು ಬಿಡ್ಲೇನು?"

"ಇರಲಿ ಬಿಡು" ಅಂದೆ.

ನನ್ನ ತಪ್ಪು ಈ ಐದಕ್ಷರದಲ್ಲೇ ಇದೆ. ಮರೆತು ಆದದ್ದಲ್ಲ, ಗೊತ್ತಿಲ್ಲದೆ ಆದದ್ದಲ್ಲ. ಅಕ್ಕನನ್ನು ಗಿರಾಕಿಗಳ ಸಾಲಿನಲ್ಲಿ ಕೂರಿಸಿ, ಚಹಾ ತೋರಿಸಿ, ನಾನು ನಿಶ್ಚಿಂತೆಯಿಂದ ಕಲ್ಲು ಎಣಿಸುತ್ತ ಕುಳಿತೆ. ಅಕ್ಕನ ಮಾತು ಬರುತ್ತಿತ್ತು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಫೋನು ಸಂತೋಷಪಡುತ್ತಿತ್ತು. ಕೇಳಿಸಿಕೊಳ್ಳುವುದನ್ನು ಸಂಜೆಗೆ ಮುಂದೂಡುತ್ತಿದ್ದೆ, ಸಂಜೆ ನಾಳೆಗೆ ಮುಂದೂಡುತ್ತಿದ್ದೆ. ಒಂದು ಸಲ ಬಿಡುವಾಗಿ ಕುಳಿತು ಕೇಳಿದರೆ ಅಕ್ಕ ಅಳುತ್ತಿದ್ದಾಳೆ, ಅವಳ ಎಮ್ಮೆಯ ಕರು ಸತ್ತಿದೆ. ಅದರ ಕೆಳಗೆ ನನ್ನ ಫೋನು ಬರೆದಿದೆ: ಭಾಳ ಸಂತೋಷ. ಚಹಾ ಕುಡಿದು ಹೋಗ್ರಿ.

ಕೂಡಲೇ ಫೋನ್ ಹಚ್ಚಬೇಕಿತ್ತು. ಆದರೆ ಏನಂತ ಹೇಳಲಿ? ನಿನ್ನ ಕರುವಿನ ಸಾವಿಗೆ ಸಂತೋಷಪಟ್ಟಿದ್ದು ನಾನಲ್ಲ ಅಂದರೆ, ಇಷ್ಟು ದಿನ ಸಂತೋಷಪಟ್ಟಿದ್ದೂ ನಾನಲ್ಲ ಅಂತ ಹೇಳಿದಂತಾಗುತ್ತದೆ. ಫೋನನ್ನು ಜೇಬಿಗಿಳಿಸಿದೆ. ಅಚ್ಚರಿಯೆಂದರೆ ಅಕ್ಕನೂ ಒಂದು ಮಾತು ಕೇಳಲಿಲ್ಲ. ಮರುದಿನ ಎಂದಿನಂತೆ ಸಾರು, ಉಪ್ಪು, ಗಂಡ.

ಇದರ ಹಿಂದೆ ಇನ್ನೊಂದು ಸಂಗತಿಯಿದೆ, ಅದನ್ನು ಹೇಳದಿದ್ದರೆ ನನ್ನ ಗುನ್ಹೆಯ ಅರ್ಧ ತೂಕ ಮುಚ್ಚಿಟ್ಟಂತೆ. ನಮ್ಮ ಕಡೆ ನಾಗರಪಂಚಮಿ ಹಬ್ಬಕ್ಕೆ ಮದುವೆಯಾದ ಹೆಣ್ಣುಮಗಳನ್ನು ತವರಿನವರು ಖುದ್ದಾಗಿ ಹೋಗಿ ಕರೆದು ತರಬೇಕು. ಫೋನಿನಲ್ಲಿ ಬಾ ಅಂದರೆ ಅದು ಕರೆದಂತಲ್ಲ. ತಾನಾಗಿ ಬಸ್ಸು ಹತ್ತಿ ಬಂದಳೋ, ಎರಡೂ ಊರಿನ ಓಣಿಗಳಿಗೆ ಒಂದು ತಿಂಗಳ ಮಾತಿಗೆ ಸಾಮಾನು ಸಿಕ್ಕಂತೆ. ಅವ್ವ ಇರುವತನಕ ಅವ್ವನೇ ನನ್ನನ್ನು ಬೈದು ಅಟ್ಟುತ್ತಿದ್ದಳು. ಅವ್ವ ಹೋದಮೇಲೆ ಬೈಯುವವರಿಲ್ಲ. ಒಂದು ವರ್ಷ ಗಾಡಿ ಕೆಟ್ಟಿತ್ತು, ಒಂದು ವರ್ಷ ಮಳೆ, ಆಮೇಲಿನ ವರ್ಷಗಳಿಗೆ ನೆಪ ಹುಡುಕುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. "ನಮ್ಮ ಕಡೆ ಬರ್ರಿ" ಅಂತ ಫೋನು ದಿನಾ ಕರೆಯುತ್ತಿತ್ತಲ್ಲ.

ಈ ಸಲ ಪಂಚಮಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಕೊಡ್ಲಿಯಲ್ಲಿ ಹೊಸ ಮನೆ ಕಟ್ಟಿಸಿದವರೊಬ್ಬರು ಫರ್ಸಿ ತರಿಸಿದರು. ನಾನೇ ಟೆಂಪೊ ಓಡಿಸಿಕೊಂಡು ಹೋಗಿ ಕಲ್ಲು ಇಳಿಸಿದೆ. ಊರಿಗೆ ಹೋಗಿ ಅಕ್ಕನ ಮನೆಗೆ ಹೋಗದೆ ಬರಲಾಗುತ್ತದೆಯೇ? ಮೈಮೇಲಿನ ಕಲ್ಲಿನ ದೂಳು ಝಾಡಿಸಿಕೊಂಡು ಹೋದೆ. ಅಕ್ಕ ಬೈಯಲಿಲ್ಲ. "ಬಾರೊ, ಕುಂದ್ರು" ಅಂದಳು. ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು, ಪಡಸಾಲೆಯ ಗೂಡಿನಲ್ಲಿ ಚಾರ್ಜಿಗೆ ಹಚ್ಚಿ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತೆ. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಎರಡೂ ಕೈ ತಟ್ಟೆಯಲ್ಲಿದ್ದವು.

ಅಕ್ಕ ಎದುರಿಗೆ ಕುಳಿತು ಸೆರಗಿನ ಮರೆಯಿಂದ ತನ್ನ ಫೋನು ತೆಗೆದು ನನ್ನದೊಂದು ಫೋಟೊ ಹೊಡೆದಳು.

"ಯಾಕಕ್ಕ?"

"ನನ್ನ ತಮ್ಮಗ ಕಳಿಸ್ತೀನಿ" ಅಂದಳು.

ಪಡಸಾಲೆಯಲ್ಲಿ ನನ್ನ ಫೋನು ಟಿಂಗ್ ಅಂದಿತು. ಹಿಂದೆಯೇ ಅಕ್ಕನ ಕೈಯಲ್ಲಿದ್ದದ್ದು ಟಿಂಗ್ ಅಂದಿತು. ಅಕ್ಕ ಶಾಲೆಯಲ್ಲಿ ಪಾಠ ಓದುವ ಹುಡುಗಿಯಂತೆ ದನಿ ಎತ್ತಿ ಓದಿದಳು: "ಶರಣು ಶರಣಾರ್ಥಿ. ನಿಮ್ಮ ಮಾತು ಮುಟ್ಟಿತು. ಭಾಳ ಸಂತೋಷ..."

ಬಾಯಲ್ಲಿದ್ದ ತುತ್ತು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ಬಾಯಾಗ ರೊಟ್ಟಿ, ಕೈಯಾಗ ರೊಟ್ಟಿ. ಫೋನ್ ನೋಡಿದ್ರ ಗ್ವಾಡಿ ಆಚಿಗದ. ಕಾಲಿಲೇ ಬರದೇನೊ ತಮ್ಮ? ಭಾಳ ಕಲಿತೀದಿ!"

"ಅಕ್ಕಾ, ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾ ಗೊತ್ತಾಯ್ತು. ಹುಟ್ಟಿದಾಗಿಂದ ನನಗ ಬಾರೆ, ಹೋಗೆ ಅಂದಾಂವ, ಒಮ್ಮಿಂದೊಮ್ಮೆ ಬರ್ರಿ, ಹೋಗ್ರಿ ಅಂದ್ರ ನಂಬಲೇನು? ಮರ್ಯಾದಿ ಕಲಿಸ್ಲಿಕ್ಕಿ ನಿನಗ ಮಷೀನ ಬೇಕಾಯ್ತು ನೋಡು."

ಹೇಳಿ ನಗತೊಡಗಿದಳು. ಕಣ್ಣಲ್ಲಿ ನೀರು ಬರುವತನಕ ನಕ್ಕಳು. ನಾನೂ ನಗಲು ನೋಡಿದೆ, ಕರು ನೆನಪಾಗಿ ಆಗಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಗುಳಕ್ಕೆ ನನ್ನಲ್ಲಿ ಉತ್ತರಗಳಿದ್ದವು.

ಅಷ್ಟರಲ್ಲಿ ಪಕ್ಕದ ಮನೆಯ ಗುಂಡಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಟ್ಟಲು ಹಿಡಿದು ಬಂದಳು. ನನ್ನನ್ನು ನೋಡಿದ್ದೇ ಬಟ್ಟಲು ಮರೆತು ಬಾಗಿಲಲ್ಲೇ ನಿಂತಳು.

"ಏನ್ ನೀಲಮ್ಮ, ತಮ್ಮ ಬಂದಾನಲ್ಲ! ಪಂಚಮಿಗಿ ಕರೀಲಿಕ್ಕಿ ಬಂದಾನೇನು?" ಅಂದವಳು, ಉತ್ತರಕ್ಕೆ ಕಾಯದೆ ನನ್ನ ಕಡೆ ತಿರುಗಿದಳು. "ನೀ ದಿನಾ ಬರ್ರಿ ಬರ್ರಿ ಅಂತ ಬರೀತೀದಿ, ನಿಮ್ಮಕ್ಕ ಓಣಿ ಮಂದಿಗೆಲ್ಲ ತೋರಸ್ತಾಳಪ್ಪ. ತಮ್ಮ ಕರೀತಾನ, ನನಗೇ ಪುರಸೊತ್ತಿಲ್ಲ ಅಂತಾಳ. ಪುಣ್ಯಾ ಮಾಡ್ಯಾಳ. ನಮ್ಮಣ್ಣ ಇದ್ದಾನ, ಹ್ಞೂ ಅಂತ ಒಂದು ಅಕ್ಷರ ಹಾಕಂಗಿಲ್ಲ."

ಅಕ್ಕ ಒಲೆಯ ಕಡೆ ತಿರುಗಿ, ಆಗಲೇ ಬೆಂದಿದ್ದ ರೊಟ್ಟಿಯನ್ನು ಇನ್ನೊಂದು ಸಲ ಹಂಚಿಗೆ ಹಾಕಿದಳು.

ಯಂತ್ರದ ಮಾತೆಂದು ಗೊತ್ತಿದ್ದೂ ಅದನ್ನೇ ಓಣಿಗೆ ತೋರಿಸಿ ಅಕ್ಕ ತವರಿನ ಮಾನ ಕಾಯ್ದಿದ್ದಳು. ನನ್ನ ಸೋಮಾರಿತನ ಅವಳ ಕೈಯಲ್ಲಿ ಪ್ರೀತಿಯ ಸಾಕ್ಷಿಯಾಗಿ ಮನೆಮನೆ ತಿರುಗಿತ್ತು. ಈಗ ಗುಂಡಮ್ಮ ಕೇಳಿದ್ದಕ್ಕೆ ನಾನು ಇಲ್ಲ ಅಂದರೆ ಇಷ್ಟು ದಿನದ ಆ ಮಾನವೆಲ್ಲ ಹೆಪ್ಪಿನ ಬಟ್ಟಲಿನಲ್ಲಿ ತುಂಬಿಕೊಂಡು ಹೋಗುತ್ತದೆ. ನಾನು ತುತ್ತು ನುಂಗಿದೆ.

"ಹೌದ್ರಿ, ಕರೀಲಿಕ್ಕೇ ಬಂದೀನಿ. ಟೆಂಪೊ ತಂದೀನಿ" ಅಂದೆ.

ಅಕ್ಕ ತಿರುಗಿ ನೋಡಿದಳು. ಕೂಡಲೇ ಆಕೆಗೆ ಎಲ್ಲಿಲ್ಲದ ಗತ್ತು ಬಂತು. "ನೋಡು ಗುಂಡಮ್ಮ, ನನಗ ರಾಶಿ ಕೆಲಸ ಅದ, ಒಲ್ಲೆ ಅಂತ ಹೇಳ್ಲಿಕತ್ತೀನಿ. ಇಂವ ಕೇಳವಲ್ಲ. ಆಗಿಂದ ಕೈ ಮುಗಿಲಿಕತ್ತಾನ!"

ಎರಡೂ ಕೈಗೆ ಹಿಂಡಿ ಮೆತ್ತಿದ್ದರೂ ನಾನು ಮುಗಿದೆ. ಮುಗಿಯದೆ ಇರುವ ಹಕ್ಕು ನನಗೆ ಉಳಿದಿರಲಿಲ್ಲ.

ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಟೆಂಪೊದ ಮುಂದಿನ ಸೀಟಿನಲ್ಲಿ ಕುಳಿತಳು. ಓಣಿಯ ತುದಿಯತನಕ ನಿಧಾನಕ್ಕೆ ಹೊಡಿ ಅಂದಳು, ಯಾರೂ ಬಾಗಿಲಿಗೆ ಬರದಿದ್ದ ಕಡೆ ಹಾರ್ನ್ ಹಾಕಿಸಿದಳು. ಊರು ದಾಟಿದ ಮೇಲೆ ಕೇಳಿದಳು:

"ಖರೆ ಹೇಳು. ನೀ ಕರೀಲಿಕ್ಕಿ ಬಂದಿದ್ದಿಲ್ಲ, ಹೌದಿಲ್ಲೊ?"

"ಇಲ್ಲಕ್ಕ."

"ನನಗ ಗೊತ್ತದ. ಕರೀಲಿಕ್ಕಿ ಬರೋರು ಸೀರಿ ಕುಬಸಾ, ಕೊಬ್ಬರಿ ಬಟ್ಟಲಾ ತರ್ತಾರ. ಫರ್ಸಿ ತರಂಗಿಲ್ಲ." ಹಾದಿಯ ಕಡೆ ತಿರುಗಿ, "ಇರಲಿ. ಬಂದೀದಿ ಅಲ್ಲ, ಸಾಕು" ಅಂದಳು. ಆಮೇಲೆ ಕರುವಿನ ಸುದ್ದಿ ತೆಗೆದಳು. ಅದು ಹೇಗೆ ಮೇವು ಬಿಟ್ಟಿತು, ಹೇಗೆ ಕಣ್ಣು ಬಿಟ್ಟುಕೊಂಡು ಮಲಗಿತ್ತು ಎಲ್ಲ ಹೇಳಿದಳು. ನಾನು ಗಾಡಿ ನಿಧಾನ ಮಾಡಿ ಪೂರ್ತಿ ಕೇಳಿದೆ.

ಹಬ್ಬ ಚೆನ್ನಾಗಿಯೇ ಆಯಿತು. ಜಗದೇವಿ ಅಕ್ಕನ ಎದುರಿಗೇ ಫೋನು ತೆಗೆದು ಅವಳ ಹೆಸರನ್ನು ಆ ಉತ್ತರದ ಪಟ್ಟಿಯಿಂದ ಬಿಡಿಸಿದಳು. ಅಕ್ಕ ಬೇಡವೆನ್ನುತ್ತಲೇ ಇದ್ದಳು. "ಇರಲಿ ಬಿಡವ್ವಾ. ಆ ಮಷೀನ ಹುಷಾರದ. ಇವನ ಉತ್ತರ ಬರೋ ಹೊತ್ತಿಗಿ ನಾನೇ ಮ್ಯಾಲ ಹೋಗಿರ್ತೀನಿ."

ಮೊನ್ನೆ ಅಕ್ಕನನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಕಿಟಕಿಯಲ್ಲಿ ಅಕ್ಕ, ಕೆಳಗೆ ನಾನು. ಡ್ರೈವರ್ ಚಹಾ ಕುಡಿದು ಬರುವತನಕ ಮಾತಾಡಿದೆವು, ಕಂಡಕ್ಟರ್ ಟಿಕೆಟ್ ಹರಿಯುವತನಕ ಮಾತಾಡಿದೆವು. ಇಬ್ಬರಿಗೂ ಮುಗಿಸಲು ತಿಳಿಯಲಿಲ್ಲ. ಕೊನೆಗೆ ಕಂಡಕ್ಟರನೇ ಸೀಟಿ ಊದಿ "ರೈಟ್" ಅಂದ. ಬಸ್ಸು ಹೊರಟರೂ ಅಕ್ಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಹೇಳಿದಳು. ಎಂಜಿನ್ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ನಾನು ಕೈ ಎತ್ತಿ "ಹ್ಞೂ ಅಕ್ಕಾ, ಹ್ಞೂ" ಅಂದೆ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಹೊಳೆಯಿತು: ಏನಂದಳೆಂದು ಗೊತ್ತಿಲ್ಲದೆ ಹ್ಞೂ ಅಂದಿದ್ದೆ. ಅಲ್ಲೇ ನಿಂತು ಫೋನ್ ಹಚ್ಚಿದೆ.

"ಏನಂದಿ ಅಕ್ಕಾ? ಕೇಳಿಸಲಿಲ್ಲ."

"ಏನಿಲ್ಲೊ. ಅಂಗಿ ಗುಂಡಿ ಹರದಾದ, ಹಚ್ಚಿಕೋ ಅಂದೆ" ಅಂದಳು ಅಕ್ಕ. "ಮತ್ತ ಕೇಳಿಲ್ಲಿ..."

ಎದೆಯ ಮೇಲಿನ ಗುಂಡಿ ನಿಜಕ್ಕೂ ಹೋಗಿತ್ತು. ತೆರೆದ ಅಂಗಿಯಲ್ಲೇ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, ಕಾಲು ಚಾಚಿ, ಕೇಳತೊಡಗಿದೆ.