ಸಿಡಿಯ ಏಳನೆಯ ಹಾಡು

ಆಗಿನ ದೋಹಾದಲ್ಲಿ ಹಾಡು ಎಂದರೆ ಕೈಯಿಂದ ಕೈಗೆ ಬರುವ ವಸ್ತು. ರಜೆಗೆ ಊರಿಗೆ ಹೋದವರು ಒಣ ಸಿಗಡಿ, ಹಲಸಿನ ಹಪ್ಪಳದ ನಡುವೆ ನಾಲ್ಕು ಕ್ಯಾಸೆಟ್ ತುರುಕಿಕೊಂಡು ಬರುತ್ತಿದ್ದರು. ಕ್ಯಾಸೆಟ್ಟಿನ ಡಬ್ಬಿ ತೆರೆದರೆ ಮೊದಲು ಸಿಗಡಿಯ ವಾಸನೆ, ಆಮೇಲೆ ಹಾಡು. ನನ್ನ ಹಾಗೆ ಗಲ್ಫಿನಲ್ಲಿ ಬೆಳೆದವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ. ಉಳಿದವರು ನಂಬಿದರೆ ಸಾಕು.

ನಾವಿದ್ದದ್ದು ಬಿನ್ ಒಮ್ರಾನ್ ಬಡಾವಣೆಯ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ. ಪಪ್ಪ ಒಂದು ಕಂಪನಿಯಲ್ಲಿ ಗುಮಾಸ್ತರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡಕ್ಕೆ ಸಿಗುತ್ತಿದ್ದದ್ದು ಶುಕ್ರವಾರದ ಸಂಜೆ ಮಾತ್ರ. ಅವತ್ತು ನಮ್ಮ ಹಾಲ್‌ನಲ್ಲಿ ಹಾಡಿನ ಹುಚ್ಚಿನ ಐದು ಮನೆಯವರು ಸೇರುತ್ತಿದ್ದರು. ತಲೆಗೊಂದು ಹಾಡು. ತಂದವರು ಅದರ ಬಗ್ಗೆ ಎರಡು ಮಾತು ಹೇಳಿ ಪ್ಲೇಯರಿಗೆ ಹಾಕಬೇಕು, ಹಾಡು ಮುಗಿದ ಮೇಲೆ ಉಳಿದವರು ಹೊಗಳಬಹುದು, ಜಗಳವಾಡಬಹುದು. ಮೈಸೂರಿನ ಮೂರ್ತಿ ಅಂಕಲ್ ವೀಣೆ ಬಿಟ್ಟರೆ ಬೇರೇನೂ ತರುತ್ತಿರಲಿಲ್ಲ. ಪಪ್ಪ ಹಳೆಯ ಸಿನಿಮಾ ಹಾಡುಗಳ ಕಡೆಯವರು. ಇಬ್ಬರೂ ಗೋಳಿಬಜೆ ತಿನ್ನುತ್ತ ಜಗಳಕ್ಕೆ ನಿಂತರೆ ಮಮ್ಮಿ ಅಡುಗೆಮನೆಯಿಂದಲೇ "ಖಲಾಸ್ ಮಾಡಿ ಮಾರಾಯ್ರೆ, ಎಣ್ಣೆ ಮುಗೀತು" ಎಂದು ಕೂಗುತ್ತಿದ್ದರು.

ಪಪ್ಪನ ಆಫೀಸಿನವರು ಬೇಡವೆಂದು ಕೊಟ್ಟ ಕಂಪ್ಯೂಟರೊಂದು ನಮ್ಮ ಮನೆಗೆ ಬಂದದ್ದು ನಾನು ಎಂಟನೆಯ ಕ್ಲಾಸಿನಲ್ಲಿದ್ದಾಗ. ಅದರಲ್ಲಿ ಸಿಡಿ ರೈಟರ್ ಇತ್ತು, ಅದನ್ನು ನಡೆಸಲು ಬರುತ್ತಿದ್ದದ್ದು ನನಗೊಬ್ಬಳಿಗೇ. ತಿಂಗಳಿಗೊಮ್ಮೆ ಎಲ್ಲರ ಮೆಚ್ಚಿನ ಹಾಡುಗಳನ್ನು ಸೇರಿಸಿ ಐದು ಸಿಡಿ ಮಾಡಿ ಮನೆಗೊಂದರಂತೆ ಹಂಚುವುದು ನನ್ನ ಕೆಲಸ. ಕ್ಯಾಸೆಟ್ಟಾದರೆ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರು ಹಾಕಿ ಹಾಡು ಪೂರ್ತಿ ಓಡುವವರೆಗೆ ಕಾಯಬೇಕು. ದೊಡ್ಡವರೆಲ್ಲ ಬಂದು "ನನ್ನದೊಂದು ಸೇರಿಸಮ್ಮ" ಎಂದು ಕೇಳುತ್ತಿದ್ದರು. ಹದಿಮೂರು ವರ್ಷದವಳಿಗೆ ಕೊಂಬು ಬರಲು ಇಷ್ಟು ಸಾಲದೇ?

ಐದನೆಯ ಮನೆ ನಿಜಕ್ಕೂ ಮನೆಯಲ್ಲ, ಒಬ್ಬರೇ ಮನುಷ್ಯ: ಗ್ರೆಗರಿ ಅಂಕಲ್. ಉಡುಪಿ ಕಡೆಯವರು, ರಾಸ್ ಲಫಾನಿನ ಗ್ಯಾಸ್ ಘಟಕದಲ್ಲಿ ಪೈಪ್ ಫಿಟ್ಟರ್. ಮುಐದರಿನ ಕಾರ್ಮಿಕರ ಕ್ಯಾಂಪಿನ ಒಂದು ಕೋಣೆಯಲ್ಲಿ ಏಳು ಮಂದಿಯ ಜೊತೆ ಇದ್ದರು. ಶುಕ್ರವಾರ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತು ಎಲ್ಲರ ಹಾಡನ್ನೂ ಕೇಳುವರು. ತಾವಾಗಿ ಹಾಡು ತಂದವರಲ್ಲ.

ಒಂದು ಶುಕ್ರವಾರ ಜೇಬಿನಿಂದ ಕ್ಯಾಸೆಟ್ ತೆಗೆದರು. "ಇದು ದೊಡ್ಡ ಸಿಂಗರ್ ಅಲ್ಲ. ನನ್ನ ಹೆಂಡತಿ, ಲಿಲ್ಲಿ. ನಮ್ಮ ಕಡೆ ಮದುವೆಯ ಮುಂಚಿನ ದಿನ ರೋಸಿನಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹೆಂಗಸರು ವೋವಿಯೊ ಹಾಡ್ತಾರಲ್ಲ, ಶುರು ಮಾಡ್ಲಿಕ್ಕೆ ಇವಳನ್ನೇ ಕರೆಯುದು. ಕಳೆದ ರಜೆಯಲ್ಲಿ ನಾನೇ ರೆಕಾರ್ಡ್ ಮಾಡಿದ್ದು."

ಹಾಡು ಶುರುವಾಯಿತು. ವಾದ್ಯವಿಲ್ಲ, ತಾಳವಿಲ್ಲ, ಬರೀ ಒಂದು ಹೆಣ್ಣು ದನಿ. ನಡುವೆ ಎಲ್ಲೋ ಕೋಳಿ ಕೂಗುತ್ತದೆ, ಕುಕ್ಕರ್ ಸೀಟಿ ಹೊಡೆಯುತ್ತದೆ, ಆ ದನಿ ಮಾತ್ರ ನಿಲ್ಲದೆ ನಿಧಾನವಾಗಿ ಮುಂದೆ ಹೋಗುತ್ತದೆ. ಇದನ್ನು ಈಗಲಾದರೂ ಹೇಳಿಬಿಡುತ್ತೇನೆ: ಆ ವರ್ಷ ನಾನು ಕೇಳಿದ ಹಾಡುಗಳಲ್ಲೆಲ್ಲ ನನಗೆ ಹೆಚ್ಚು ಹಿಡಿಸಿದ್ದು ಅದೇ. ಮೂರ್ತಿ ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ಜಗಳವೇ ಆಗಲಿಲ್ಲ.

ಹೋಗುವಾಗ ಗ್ರೆಗರಿ ಅಂಕಲ್ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟರು. "ಈ ಸಲದ ಸಿಡಿಗೆ ಇದನ್ನು ಹಾಕ್ತೀಯಾ ಮಗಾ? ನನ್ನ ರೂಮಲ್ಲಿ ಪ್ಲೇಯರ್ ಇಲ್ಲ. ಆದ್ರೂ ಒಂದು ಇರ್ಲಿ." ಪ್ಲೇಯರ್ ಇಲ್ಲದವರಿಗೆ ಸಿಡಿ ಯಾಕೆ ಎಂದು ನಾನು ಕೇಳಲಿಲ್ಲ.

ಸಿಡಿ ಮಾಡುವ ದಿನ ನಿಶಾ ಬಂದಿದ್ದಳು. ಮೂರ್ತಿ ಅಂಕಲ್ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು. ಶುಕ್ರವಾರಗಳಿಗೆ ಅವಳು ಬರುತ್ತಲೇ ಇರಲಿಲ್ಲ, ಅವಳದೇನಿದ್ದರೂ ಇಂಗ್ಲಿಷ್ ಬ್ಯಾಂಡುಗಳು. ಶಾಲೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಇಯರ್‌ಫೋನಿನ ಒಂದು ತುದಿಯನ್ನು ಅವಳು ಯಾರ ಕಿವಿಗೆ ಕೊಡುತ್ತಾಳೋ ಅವಳೇ ಆ ದಿನದ ರಾಣಿ. ನನ್ನ ಕಿವಿಗೆ ಅದು ಇನ್ನೂ ಬಂದಿರಲಿಲ್ಲ. ಅಂಥವಳು ನಮ್ಮ ಮನೆಗೆ ಬಂದು ನನ್ನ ಪಕ್ಕದಲ್ಲೇ ಕೂತಿದ್ದಾಳೆ!

ನಾನು ಟೇಪ್ ಓಡಿಸಿದೆ. ಲಿಲ್ಲಿಬಾಯಿ ಎರಡು ಸಾಲು ಹಾಡುವಷ್ಟರಲ್ಲಿ ಕೋಳಿ ಕೂಗಿತು. ನಿಶಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ, ಏನೇ ಇದು, ಕುಕಿಂಗ್ ಶೋನಾ? ನೀವು ಇದನ್ನೆಲ್ಲಾ ಕೇಳ್ತೀರಾ?"

ಕೇಳುತ್ತೇವೆ ಎನ್ನಬಹುದಿತ್ತು. ನಾನೂ ನಕ್ಕೆ. ಅವಳಿಗಿಂತ ಜೋರಾಗಿ ನಕ್ಕೆ. "ಇಲ್ಲಪ್ಪ, ಯಾರೋ ಕ್ಯಾಂಪಿನವರು ಕೊಟ್ಟಿದ್ದು" ಎಂದು ಸ್ಟಾಪ್ ಒತ್ತಿದೆ. ಏಳನೆಯ ಜಾಗಕ್ಕೆ ನಿಶಾ ತಂದಿದ್ದ ಬ್ಯಾಂಡಿನ ಹಾಡು ಹಾಕಿದೆ. ಐದು ಸಿಡಿ ಬರೆದಾಯಿತು. ಅವಳು ಹೋದ ಮೇಲೆ ಗ್ರೆಗರಿ ಅಂಕಲ್‌ಗೆ ಏನು ಹೇಳಲಿ ಎಂಬ ಚಿಂತೆ ಹತ್ತಿತು. ಹೊಸದಾಗಿ ಮತ್ತೊಂದು ಸಿಡಿ ಮಾಡಲು ಅರ್ಧ ಗಂಟೆಯೂ ಬೇಕಿರಲಿಲ್ಲ, ಸೋಮಾರಿತನ. ಅವರಲ್ಲಿ ಪ್ಲೇಯರ್ ಇಲ್ಲವಲ್ಲ, ಗೊತ್ತಾಗುವುದಾದರೂ ಹೇಗೆ? ಅವರ ಸಿಡಿಯ ಹೊದಿಕೆಯ ಮೇಲೆ ಮಾತ್ರ, ಪಪ್ಪ ಕಲಿಸಿದ್ದ ದುಂಡು ಕನ್ನಡ ಅಕ್ಷರಗಳಲ್ಲಿ, ಏಳು ಎಂಬ ಸಂಖ್ಯೆಯ ಎದುರು "ಲಿಲ್ಲಿಬಾಯಿ" ಎಂದು ಬರೆದು, ಸುತ್ತ ಹೂವಿನ ಚಿತ್ರ ಬಿಡಿಸಿದೆ.

ಸಿಡಿ ಕೈಗೆ ಬಂದಾಗ ಅವರು ಆ ಹೆಸರಿನ ಮೇಲೆ ಬೆರಳಾಡಿಸಿದರು. ನನಗೆ ದೊಡ್ಡದೊಂದು ಚಾಕಲೇಟ್ ಡಬ್ಬಿ ತಂದುಕೊಟ್ಟರು. ನಾನು ಅದನ್ನು ನಿಶಾಳ ಜೊತೆ ಹಂಚಿಕೊಂಡು ತಿಂದೆ.

ಮುಂದಿನ ವಾರ ಪಪ್ಪ ರಜೆಗೆ ಊರಿಗೆ ಹೊರಟರು. ಯಾರು ಊರಿಗೆ ಹೊರಟರೂ ಉಳಿದವರ ಕಟ್ಟುಗಳು ಬರುವುದು ಗಲ್ಫಿನ ರೂಢಿ: ಯಾರದೋ ಹಾಲಿನ ಪುಡಿ, ಯಾರದೋ ಸೆಂಟು, ಮಗುವಿನ ಬೂಟು. ಹಾಲ್‌ನಲ್ಲಿ ಸೂಟ್‌ಕೇಸ್ ತೂಗುತ್ತಿದ್ದಾಗ ಗ್ರೆಗರಿ ಅಂಕಲ್ ಒಂದು ಹೊಸ ಟವೆಲಿನ ಸುರುಳಿ ತಂದರು. ಒಳಗೆ ಸಿಡಿ.

"ಕಳೆದ ರಜೆಯಲ್ಲಿ ಮನೆಗೆ ಪ್ಲೇಯರ್ ತಗೊಂಡು ಹೋಗಿದ್ದೆ. ಲಿಲ್ಲಿಗೆ ಫೋನಲ್ಲಿ ಹೇಳಿದ್ದೇನೆ, ನಿನ್ನ ಹಾಡು ಸಿಡಿಯಲ್ಲಿ ಬಂದಿದೆ, ದೊಡ್ಡ ದೊಡ್ಡವರ ಹಾಡಿನ ಜೊತೆ ಅಂತ. ನಂಬುದೇ ಇಲ್ಲ ಮಾರಾಯ!"

ಪಪ್ಪ ಸೂಟ್‌ಕೇಸಿನ ಬಟ್ಟೆಗಳ ನಡುವೆ ಅದನ್ನು ಜೋಪಾನವಾಗಿ ಇಟ್ಟರು. ನಾನು ಅಲ್ಲೇ ಇದ್ದೆ, ಸೂಟ್‌ಕೇಸಿನ ಪಟ್ಟಿ ಹಿಡಿದುಕೊಂಡಿದ್ದೆ. ಕಂಪ್ಯೂಟರ್ ಪಕ್ಕದ ಕೋಣೆಯಲ್ಲಿತ್ತು, ಕ್ಯಾಸೆಟ್ ನನ್ನ ಡ್ರಾಯರಿನಲ್ಲಿತ್ತು, ವಿಮಾನಕ್ಕೆ ಇನ್ನೂ ಒಂದಿಡೀ ದಿನವಿತ್ತು. "ಯಲ್ಲಾ, ಬೇಗ ಮೇಲೆ ಕೂತ್ಕೋ" ಎಂದರು ಪಪ್ಪ. ಸೂಟ್‌ಕೇಸಿನ ಮೇಲೆ ಕೂತು ಜಿಪ್ ಹಾಕಲು ಸಹಾಯ ಮಾಡಿದೆ.

ಮೂರು ವಾರದ ಬಳಿಕ ಪಪ್ಪ ವಾಪಸು ಬಂದರು. ಹಪ್ಪಳ, ಸಿಗಡಿ ಹೊರಗೆ ತೆಗೆದಿಟ್ಟು ನನ್ನನ್ನು ಕರೆದು ಎದುರು ಕೂರಿಸಿಕೊಂಡರು. ಲಿಲ್ಲಿಬಾಯಿ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದಿದ್ದರಂತೆ. ಅಂಗಳದಲ್ಲಿ ಬೆಂಚು, ಕುರ್ಚಿ. ಎಲ್ಲರಿಗೂ ಸಿಹಿ ಮಣ್ಣಿ, ಚಹಾ. ಪಪ್ಪನಿಗೆ ಮುಂದಿನ ಕುರ್ಚಿ. ಒಂದರಿಂದ ಆರರವರೆಗಿನ ಹಾಡನ್ನು ಎಲ್ಲರೂ ಗಂಭೀರವಾಗಿ ಕೇಳಿದ್ದಾರೆ. ಏಳನೆಯದಕ್ಕೆ ಡ್ರಮ್ಮು ಬಡಿದು ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಅರಚಿದ್ದಾನೆ. ಮಕ್ಕಳೆದ್ದು ಕುಣಿದರಂತೆ, ದೊಡ್ಡವರು ನಕ್ಕರಂತೆ.

"ಅವಳು ಮಾತ್ರ 'ಇದರ ನಂತರ ಇರಬಹುದು, ಇರಬಹುದು' ಅಂತ ಕೊನೆ ಹಾಡಿನವರೆಗೂ ನಿಂತುಕೊಂಡೇ ಇದ್ದಳು" ಎಂದರು ಪಪ್ಪ. "ಮುಗಿದ ಮೇಲೆ ಅವಳೇ ಪ್ಲೇಯರ್ ಬಂದ್ ಮಾಡಿ ಎಲ್ಲರಿಗೂ ಇನ್ನೊಂದು ಸಲ ಚಹಾ ಕೊಟ್ಟಳು. ಏನು ಮಾಡಿದ್ದೀ ನೀನು?"

ಅತ್ತುಕೊಂಡು ಎಲ್ಲ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಒಳ್ಳೆಯದಿತ್ತು. "ಶುಕ್ರವಾರ ಅವನು ಬರ್ತಾನೆ. ನೀನೇ ಹೇಳಬೇಕು" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು.

ಶುಕ್ರವಾರ ಗ್ರೆಗರಿ ಅಂಕಲ್ ಎಲ್ಲರಿಗಿಂತ ಮೊದಲೇ ಬಂದರು. ನಾನು ಕ್ಯಾಸೆಟ್ ಹಿಡಿದು ಎದುರು ನಿಂತೆ. ಬಾಯಿ ತೆರೆಯುವ ಮೊದಲೇ ಅವರು ನಕ್ಕರು.

"ಬೇಜಾರು ಮಾಡ್ಬೇಡ ಮಗಾ. ಮಿಷನ್ ಅಲ್ವಾ? ಕೆಲವು ಸ್ವರ ಅದು ಹಿಡಿಯುದಿಲ್ಲ. ಲಿಲ್ಲಿಗೆ ನಾನು ಹಾಗೇ ಹೇಳಿದ್ದೇನೆ."

ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಹೇಳಲಾರೆ. ಗೊತ್ತಿದ್ದೇ ನನ್ನ ಮಾನ ಉಳಿಸಿದರು ಎಂದು ನನ್ನ ಅನುಮಾನ. ಪಪ್ಪ ನನ್ನನ್ನೇ ನೋಡುತ್ತಿದ್ದರು. "ಹೌದು ಅಂಕಲ್, ಮಿಷನ್" ಎಂದೆ ನಾನು. ಪಪ್ಪ ಮುಖ ಆಚೆ ತಿರುಗಿಸಿಕೊಂಡರು. ಗ್ರೆಗರಿ ಅಂಕಲ್ ಕ್ಯಾಸೆಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. ಆಮೇಲೂ ಅವರು ಎರಡು ವರ್ಷ ಬಂದರು, ಎಲ್ಲರ ಹಾಡನ್ನೂ ಕೇಳಿದರು, ತಮ್ಮದೆಂದು ಒಂದನ್ನೂ ತರಲಿಲ್ಲ.

ನಿಶಾಳ ಇಯರ್‌ಫೋನ್ ನನ್ನ ಕಿವಿಗೂ ಬಂತು, ಒಟ್ಟು ನಾಲ್ಕು ದಿನ. ಆ ಬ್ಯಾಂಡಿನ ಒಂದು ಸಾಲೂ ಈಗ ನೆನಪಿಲ್ಲ.

ಮೊನ್ನೆ ಉಡುಪಿಯ ಹತ್ತಿರ ಸಂಬಂಧಿಕರ ಹುಡುಗಿಯ ರೋಸಿಗೆ ಹೋಗಿದ್ದೆ. ಈಗ ಎಲ್ಲರ ಕೈಯಲ್ಲೂ ಲೋಕದ ಹಾಡುಗಳೆಲ್ಲ ಇವೆ. ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರು ತೆರೆದೂ ನೋಡುವುದಿಲ್ಲ, ನಾನೂ ಅಷ್ಟೇ. ವೋವಿಯೊ ಕೂಡ ಯಾರದೋ ಮೊಬೈಲಿನಿಂದ ಸ್ಪೀಕರಿನಲ್ಲಿ ಬರುತ್ತಿತ್ತು, ಹಿಂದೆ ಕೀಬೋರ್ಡು ಬೇರೆ. ತೆಂಗಿನಹಾಲಿನ ಬಟ್ಟಲು ಹಿಡಿದು ನಿಂತಿದ್ದ ನರೆಗೂದಲಿನ ಹೆಂಗಸನ್ನು ಯಾರೋ "ಲಿಲ್ಲಿಬಾಯಿ" ಎಂದು ಕರೆದರು. ಗ್ರೆಗರಿ ಅಂಕಲ್ ತೀರಿಕೊಂಡು ಆರು ವರ್ಷವಾಗಿತ್ತು.

ಹತ್ತಿರ ಹೋಗಿ, ನಾನು ಯಾರೆಂದು ಹೇಳದೆ, "ನೀವು ಹಾಡುವುದಿಲ್ವಾ ಲಿಲ್ಲಿಬಾಯಿ? ನೀವೇ ಶುರು ಮಾಡ್ತಿದ್ರಿ ಅಂತ ಕೇಳಿದ್ದೆ" ಎಂದೆ.

"ಅದೆಲ್ಲ ಬಿಟ್ಟು ಎಷ್ಟೋ ವರ್ಷ ಆಯ್ತು. ನನ್ನದು ಅಂಥ ಒಳ್ಳೆ ಸ್ವರ ಏನಲ್ಲ" ಎಂದರು ಅವರು, ಮದುಮಗಳ ಕಡೆ ನೋಡುತ್ತ. "ಹಿಂದೊಮ್ಮೆ ದೋಹಾದಲ್ಲಿ ಒಂದು ಹುಡುಗಿ ಸಿಡಿಗೆ ಹಾಕ್ಲಿಕ್ಕೆ ತುಂಬ ಕಷ್ಟಪಟ್ಟಳಂತೆ. ಹೂವೆಲ್ಲ ಬಿಡಿಸಿ ನನ್ನ ಹೆಸರು ಬರೆದಿದ್ದಳು. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ. ಎಷ್ಟು ಒಳ್ಳೆ ಮಗು, ಪಾಪ."

ಸ್ಪೀಕರಿನ ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವರು ಬಟ್ಟಲನ್ನು ನನ್ನ ಮುಂದೆ ಹಿಡಿದರು. ನಾನು ತೆಂಗಿನಹಾಲಿನಲ್ಲಿ ಬೆರಳದ್ದಿ ಮದುಮಗಳ ಕಡೆ ನಡೆದೆ.