ಎರಡೂವರೆ ದಿನದ ಮುಯ್ಯಿ

ಹುಬ್ಬಳ್ಳಿಯ ಡಾಕ್ಟರರು ಆ ಮಾತು ಕೇಳಲೇಬಾರದಿತ್ತು ಎಂಬ ಸಿಟ್ಟು ಮಿಶ್ರಿಕೋಟಿಯ ಕರಿಸಿದ್ದಪ್ಪನಿಗೆ ಇವತ್ತಿಗೂ ಇಳಿದಿಲ್ಲ. “ಕುಕ್ಕರಗಾಲಿಲೆ ಕೂಡ್ತೀರೇನು ಅಂತ ಕೇಳಿದಾ. ಹೊಲದಾಗ ದುಡಿಯಾವಗ ಕೇಳೂ ಮಾತೇನಲೇ ಅದು?” ಎಂದು ಬಂದವರ ಮುಂದೆಲ್ಲ ಹಾರಾಡುತ್ತಾನೆ. ತಾನು ಕೊಟ್ಟ ಉತ್ತರವನ್ನು ಮಾತ್ರ ಹೇಳುವುದಿಲ್ಲ.

ಐವತ್ತಾರು ವರ್ಷದ ಆಳು. ದಿನಕ್ಕೆರಡು ಕಟ್ಟು ಬೀಡಿ, ಮೇಲೆ ಸಕ್ಕರೆ ಕಾಯಿಲೆ. ಹೊಲದ ದಾರಿಯಲ್ಲಿ ನೂರು ಹೆಜ್ಜೆ ನಡೆದರೆ ಎಡಗಾಲಿನ ಮೀನಖಂಡ ಹಿಡಿಯುತ್ತಿತ್ತು, ನಿಂತರೆ ಬಿಡುತ್ತಿತ್ತು. ವಾತವೆಂದು ಹೆಂಡತಿ ಹನಮವ್ವ ಎಣ್ಣೆ ತಿಕ್ಕಿದಳು. ಆ ಸುಗ್ಗಿಯಲ್ಲಿ ಬಾಜು ಹೊಲದ ನಿಜಾಮಸಾಬ ಮೂರು ದಿನ ಬಂದು ಇವನ ಗೋವಿನಜೋಳ ಮುರಿದುಕೊಟ್ಟ. ಅದು ಮುಯ್ಯಿ. ರೊಕ್ಕ ಕೊಟ್ಟು ತೀರಿಸುವಂಥದ್ದಲ್ಲ, ಅವನ ಹೊಲದಲ್ಲಿ ಮೂರು ದಿನ ದುಡಿದೇ ತೀರಿಸಬೇಕು.

ಹೆಬ್ಬೆರಳಿನ ಹುಣ್ಣು ಮಾಯದೆ ಕಪ್ಪಾದಾಗ ಗಂಡ ಹೆಂಡತಿ ಹುಬ್ಬಳ್ಳಿಗೆ ಹೋದರು. ಮೊಣಕಾಲಿನ ಹಿಂದೆ ರಕ್ತನಾಳ ಕಟ್ಟಿತ್ತು. ಡಾಕ್ಟರರು ಚೀಟಿಯ ಹಿಂದೆ ಚಿತ್ರ ಬರೆದರು.

“ತೊಡಿಸಂದ್ಯಾಗ ಸಣ್ಣ ತೂತು ಮಾಡಿ ತಂತಿ ಬಿಡ್ತೀವ್ರಿ. ಔಷಧ ಹಚ್ಚಿದ ಪುಗ್ಗಾ ಉಬ್ಬಿಸಿ, ದಾರಿ ಬಿಡಿಸಿ, ಹೊರಗ ತಗಿಯೂದು ಒಂದು. ವರ್ಷ ಎರಡು ವರ್ಷಕ್ಕ ಮತ್ತ ಕಟ್ಟಿದರೂ ಕಟ್ಟಬಹುದು, ಮತ್ತ ಬರಬೇಕಾಗತೈತಿ. ಕಟ್ಟಿದ್ದನ್ನ ಹೆರದು ತಗಿಯೂ ಯಂತ್ರ ಐತಿ, ನಮ್ಮಲ್ಲಿಲ್ಲ. ನಾಳ ಮುಚ್ಚದಂಗ ಹಿಡಿಯೂ ಸ್ಪ್ರಿಂಗ್, ಅಂದರ ಸ್ಟೆಂಟ್, ಹಾಕಿದರ ಅದು ಒಳಗ ನಿಲ್ಲತೈತಿ. ಆದರ ನಿಮ್ಮದು ಮಡಚೂ ಜಾಗಾ, ಮಡಚಿ ಮಡಚಿ ಮುರೀಬಹುದು. ನನ್ನ ಕೇಳಿದರ ಪುಗ್ಗಾ.”

“ಪುಗ್ಗಾ ಸಣ್ಣ ಹುಡುಗೂರಿಗೆ ಕೊಡಸ್ರಿ,” ಎಂದ ಕರಿಸಿದ್ದಪ್ಪ. “ನಮ್ಮ ನಿಜಾಮನ ಎದ್ಯಾಗ ಸ್ಪ್ರಿಂಗ್ ಹಾಕಿ ಆರು ವರ್ಷಾತು. ಎತ್ತಿನಂಗ ದುಡೀತಾನ.”

“ಎದಿ ಮಡಚೂದಿಲ್ರಿ ಯಜಮಾನ್ರ. ನೀವು ಕುಕ್ಕರಗಾಲಿಲೆ ಕೂಡ್ತೀರೇನು?”

ಮತ್ತೆ ಮತ್ತೆ ಬಂದು ಮಲಗಿದರೆ ಮುಯ್ಯಿ ತೀರಿಸುವುದು ಯಾವಾಗ? “ಇಲ್ರಿ. ನಮ್ಮನ್ಯಾಗ ಕುರ್ಚಿ ಅದಾವ,” ಎಂದುಬಿಟ್ಟ. ಮನೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಹನಮವ್ವ ಬಾಯಿ ತೆರೆದಳು, ಅವನು ಕಣ್ಣಲ್ಲೇ ಗದರಿದ.

“ಹಂಗಿದ್ದರ ಹಾಕೂಣು. ಕೂತು ಮುರಕೊಂಡು ನನ್ನ ಬೈಬ್ಯಾಡ್ರಿ ಮತ್ತ.”

ಸ್ಪ್ರಿಂಗ್ ಹಾಕಿದ ಮೇಲೆ ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು. ಮಳೆಗಾಲದಲ್ಲಿ ನಿಜಾಮಸಾಬನ ಶೇಂಗಾ ಹೊಲಕ್ಕೆ ಕಳೆ ತೆಗೆಯಲು ಹೋದ.

“ಲೇ ಕರ್ಯಾ, ಬದುವಿನ ಮ್ಯಾಲ ಕೂಡು. ಎತ್ತನ್ನರ ಕಾಯಿ.”

“ಕೂಡಾಕ ಬಂದಿಲ್ಲಲೇ. ನಿನ್ನ ಹಂಗಿನ್ಯಾಗ ಇರಾಂವಲ್ಲ ನಾನು.”

ಶೇಂಗಾದ ಕಳೆಯನ್ನು ನಿಂತು ತೆಗೆಯಲಾಗುವುದಿಲ್ಲ. ಸಾಲು ಹಿಡಿದು ಕುಕ್ಕರಗಾಲಲ್ಲೇ ಸರಿದ. ಬುತ್ತಿ ಬಿಚ್ಚುವ ಹೊತ್ತಿಗೆ ಮೊಣಕಾಲಿನ ಹಿಂದೆ ಚುಚ್ಚಿ ಕೆಲಸ ನಿಂತಿತು. ಸಂಜೆಗೆ ಪಾದ ತಣ್ಣಗೆ, ಬೆಳ್ಳಗೆ. ಆ ಡಾಕ್ಟರರಿಗೆ ಮುಖ ತೋರಿಸಲು ನಾಚಿ, ಎಣ್ಣೆ ತಿಕ್ಕಿಸಿಕೊಂಡು ಎರಡು ದಿನ ಬಿದ್ದುಕೊಂಡ. ಮೂರನೆಯ ದಿನ ನಿಜಾಮಸಾಬನೇ ಹೊತ್ತು ಗಾಡಿಗೆ ಹಾಕಿ ಹುಬ್ಬಳ್ಳಿಗೆ ಒಯ್ದ. ಸ್ಪ್ರಿಂಗ್ ಮುರಿದು ನಾಳ ಪೂರ್ತಿ ಕಟ್ಟಿತ್ತು, ಪಾದ ಆಗಲೇ ಸತ್ತಿತ್ತು. ಇನ್ನು ಪುಗ್ಗಾ ಬಿಟ್ಟು ಪ್ರಯೋಜನವಿರಲಿಲ್ಲ. ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು. ಡಾಕ್ಟರರು ಕುರ್ಚಿಯ ಮಾತೆತ್ತಲಿಲ್ಲ. ಎತ್ತಿದ್ದರೆ ಜಗಳವಾದರೂ ಆಡಬಹುದಿತ್ತು.

ತೀರಿದ್ದು ಅರ್ಧ ದಿನ. ಉಳಿದ ಎರಡೂವರೆ ದಿನ ತಾನು ತೀರಿಸುತ್ತೇನೆಂದು ಹನಮವ್ವ ಹೋಗಿ ಶೇಂಗಾ ಕಿತ್ತುಬಂದಳು. ಮರುವಾರ ನಿಜಾಮಸಾಬ ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಇವರ ಹೊಲಕ್ಕೆ ಬಂದ. ಕರಿಸಿದ್ದಪ್ಪನನ್ನು ಅದರ ಮೇಲೆ ಕೂರಿಸಿ ಗೋವಿನಜೋಳದ ಸಾಲಿಗಿಳಿದ.

“ಯಾಕ ಬಂದಿಯಲೇ? ಆಕಿ ತೀರಿಸ್ಯಾಳಲ್ಲ?”

“ಇದು ನಮ್ಮ ತಂಗಿ ಹನಮವ್ವ ದುಡಿದದ್ದರ ಮುಯ್ಯಿ. ನಿಂದು ಹಂಗ ಐತಿ. ಕಟಗಿಕಾಲು ಹಚ್ಚಿಕೊಂಡು ಬಾ, ತೀರಸು.”

ಗೆಳೆಯ ಧೈರ್ಯಕ್ಕೆಂದು ಆಡಿದ ಮಾತು. ಈಚೆಗೆ ನಡೆಯದೆಯೇ ಬಲಗಾಲಿನ ಮೀನಖಂಡವೂ ಹಿಡಿಯತೊಡಗಿತ್ತು. ಅದನ್ನು ಕರಿಸಿದ್ದಪ್ಪ ಹನಮವ್ವನಿಗೂ ಹೇಳಿರಲಿಲ್ಲ. ನಿಜಾಮಸಾಬ ಎರಡೂವರೆ ದಿನ ತೆನೆ ಮುರಿದು ಹೋದ. ಕರಿಸಿದ್ದಪ್ಪನ ಎರಡೂವರೆ ದಿನ ಹಾಗೆಯೇ ಉಳಿಯಿತು.