ಗಬ್ಬೂರು ಬಸ್ಸಿನಲ್ಲಿ ಸಿಕ್ಕ ಪದಗಳು

ಡಿಗ್ರಿ ಓದುವಾಗ ನಾನು ದಿನವೂ ಗಬ್ಬೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ದೇವದುರ್ಗದಿಂದ ಬರುವ ಆ ಬಸ್ಸಿನಲ್ಲಿ ಒಬ್ಬ ನರ್ಸ್ ಮೊದಲೇ ಕುಳಿತಿರುತ್ತಿದ್ದರು. ಕೇರಳದವರು, ಗಂಡನ ಕೆಲಸದಿಂದಾಗಿ ಈ ಕಡೆ ಬಂದವರು. ಇಲ್ಲಿನ ಮಾತು ಆಗಲೇ ಬಾಯಿಗೆ ಬಂದಿತ್ತು, ಓದುವುದನ್ನು ಈಗ ಕಲಿಯುತ್ತಿದ್ದರು. ಅವರ ತೊಡೆಯ ಮೇಲೆ ಮಕ್ಕಳ ಕನ್ನಡ ಕಥೆಪುಸ್ತಕ, ನನ್ನ ತೊಡೆಯ ಮೇಲೆ ಕಾಲೇಜಿನ ಲೈಬ್ರರಿಯಿಂದ ತಂದ ಇಂಗ್ಲಿಷ್ ಕಥೆಗಳು. ನಮ್ಮ ಸ್ನೇಹ ಬೆಳೆದದ್ದೇ ಹಾಗೆ.

ನಾನು ಸಾಲಿಗೊಮ್ಮೆ ಮೊಬೈಲ್ ತೆಗೆದು ಅರ್ಥ ನೋಡುತ್ತಿದ್ದೆ. ಬಸ್ಸು ರಾಯಚೂರು ಮುಟ್ಟುವುದರೊಳಗೆ ನೋಡಿದ್ದೆಲ್ಲ ಮರೆತಿರುತ್ತಿತ್ತು, ಕಥೆಯೂ ಕೈತಪ್ಪಿರುತ್ತಿತ್ತು.

ಒಂದು ದಿನ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ‘ರಾಜನಿಗೆ ಜೋಂಪು ಹತ್ತಿತು’ ಎಂದಿತ್ತು.

“ಜೋಂಪು ಅಂದ್ರ, ಸಿಸ್ಟರ್...” ಎಂದು ನಾನು ಶುರು ಮಾಡುವಷ್ಟರಲ್ಲಿ ಕೈ ಅಡ್ಡ ಹಿಡಿದರು.

“ಹೇಳಬ್ಯಾಡ. ಮುಂದ ಮತ್ತ ಸಿಗ್ತದ. ಆಗ ತಿಳೀತದ.”

“ಸಿಗದಿದ್ರ?”

“ಬ್ಯಾರೆ ಪುಸ್ತಕದಾಗ ಸಿಗ್ತದ. ನನಗೇನು ಅವಸರ?”

ಚಳಿಗಾಲದ ಒಂದು ಬೆಳಿಗ್ಗೆ ಹತ್ತಿ ಹೊಲಗಳ ಮೇಲೆ ಮಂಜು ಕೂತಿತ್ತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳ ತಲೆ ಮೆಲ್ಲಗೆ ವಾಲಿ ನರ್ಸಿನ ಹೆಗಲಿಗೆ ಬಂತು. ಅವರು ನನ್ನ ಕಡೆ ತಿರುಗಿ, ಪುಸ್ತಕದ ಕನ್ನಡದಲ್ಲೇ, “ಅಜ್ಜಿಗೆ ಜೋಂಪು ಹತ್ತಿತು” ಎಂದು ಪಿಸುಗುಟ್ಟಿದರು. ಆಕೆಗೆ ಎಚ್ಚರವಾದೀತೆಂದು ರಾಯಚೂರಿನವರೆಗೆ ಹೆಗಲು ಅಲುಗಿಸಲಿಲ್ಲ.

ಅಂದಿನಿಂದ ನಾನೂ ಮೊಬೈಲನ್ನು ಬ್ಯಾಗಿನಲ್ಲೇ ಬಿಟ್ಟೆ. ನನಗೆ ಗಂಟುಬಿದ್ದ ಪದ ‘ಡ್ರಿಫ್ಟ್’. ಮೊದಲ ಕಥೆಯಲ್ಲಿ ಹುಟ್ಟು ಕಳೆದುಕೊಂಡ ದೋಣಿ ‘ಡ್ರಿಫ್ಟ್’ ಆಯಿತು; ಮುಳುಗುವುದು ಇರಬೇಕೆಂದುಕೊಂಡೆ. ಇನ್ನೊಂದರಲ್ಲಿ ಮೋಡವೂ ಹಾಗೇ ಆಯಿತು. ಮೋಡ ಎಲ್ಲಿ ಮುಳುಗೀತು? ಮತ್ತೊಂದರಲ್ಲಿ ಒಬ್ಬ ಮುದುಕ ಹಾಗೆಯೇ ನಿದ್ದೆಗೆ ಹೋದ. ಪದ ನನ್ನೊಳಗೆ ಮಸುಕಾಗಿ ಸುಳಿದಾಡುತ್ತಿತ್ತು.

ಮಳೆಗಾಲದ ನಂತರದ ಒಂದು ಭಾನುವಾರ ಅವರನ್ನು ಮಾನ್ವಿ ತಾಲೂಕಿನ ಚೀಕಲಪರ್ವಿಗೆ, ನನ್ನ ಚಿಕ್ಕವ್ವನ ಮನೆಗೆ ಕರೆದುಕೊಂಡು ಹೋದೆ. “ನದಿ ನೋಡಿ ಭಾಳ ದಿನ ಆತು” ಎನ್ನುತ್ತಿದ್ದರು. ತುಂಗಭದ್ರೆಯ ದಂಡೆಯಲ್ಲಿ ಇಬ್ಬರೂ ಕೂತೆವು. ಯಾರೋ ಬಿಟ್ಟ ಬಾಳೆಲೆಯೊಂದು, ಮೇಲೆ ನಾಲ್ಕು ಚೆಂಡುಹೂವು ಹೊತ್ತು, ಎಲ್ಲಿಗೆ ಹೋಗಬೇಕೆಂದು ತನಗೇ ಗೊತ್ತಿಲ್ಲದಂತೆ ನೀರು ಕರೆದತ್ತ ಸಾಗುತ್ತಿತ್ತು. ದೋಣಿ, ಮೋಡ, ಮುದುಕ ಮೂರೂ ಒಟ್ಟಿಗೆ ಕಣ್ಣಮುಂದೆ ಬಂದವು; ‘ಡ್ರಿಫ್ಟ್’ ಅಂದರೆ ಇದೇ. ನನಗೆ ಅಳು ಬಂದಂತಾಯಿತು.

ಆ ವಾರ ಒಂದು ಕನಸು ಬಿತ್ತು. ಶಾಲೆಯ ಮೆಟ್ಟಿಲು ಹತ್ತದ ನನ್ನವ್ವ ಹೊಲದ ಬದುವಿನಲ್ಲಿ ನಿಂತು ನನ್ನನ್ನು ಇಂಗ್ಲಿಷಿನಲ್ಲಿ ಊಟಕ್ಕೆ ಕರೆಯುತ್ತಿದ್ದಳು. ನಾನು “ಬಂದೆ, ಯವ್ವಾ” ಎಂದು ಓಡುತ್ತಿದ್ದೆ.

ಬೆಳಿಗ್ಗೆ ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಏನಂತ ಕರದೆ ನಾ?”

“ಕಮ್ ಅಂಡ್ ಈಟ್ ಅಂದಿ.”

ಅವ್ವ ಅದನ್ನು ಬಾಯಲ್ಲೇ ಎರಡು ಸಲ ಆಡಿಸಿ ನೋಡಿ, ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.